ತಿಂಮಯ್ಯನನ್ನು ತಿದ್ದಬೇಡಿ

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಶಿರಸ್ತೇದಾರರ ಉತ್ತರ)

ಪ್ರಶ್ನೆ: ನಮ್ಮೂರಿನ ಹಳೆಯ ಕೈಬರಹದ ಪಹಣಿಗಳ ಸ್ಕ್ಯಾನ್ ಪ್ರತಿಗಳನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಹೆಸರುಗಳ ಸೂಚಿ ಮಾಡುತ್ತಿದ್ದೇವೆ. ಒಬ್ಬನೇ ಖಾತೆದಾರ ಒಂದು ಪುಟದಲ್ಲಿ ‘ತಿಂಮಯ್ಯ’, ಇನ್ನೊಂದರಲ್ಲಿ ‘ತಿಮ್ಮೈಯ’. ಎಲ್ಲ ಕಡೆಯೂ ‘ತಿಮ್ಮಯ್ಯ’ ಎಂದು ಸರಿಪಡಿಸಬಹುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಕೂಡದು. ಇಬ್ಬರೂ ಒಬ್ಬನೇ ಎಂದು ನಿಮಗೆ ಹೇಳಿದವರು ಯಾರು? ನಿಮ್ಮ ಸೀಮೆಯಲ್ಲಿ ತಿಮ್ಮಯ್ಯಂದಿರಿಗೆ ಬರವೇ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಯಲ್ಲಿ ‘ತಿಮ್ಮಯ್ಯ ಬಿನ್ ಕರಿಯಪ್ಪ’ನ ಮೊಮ್ಮಗನೂ ‘ತಿಮ್ಮಯ್ಯ ಬಿನ್ ಕರಿಯಪ್ಪ’ನೇ ಆಗಿರುತ್ತಾನೆ.

ಒತ್ತಿನ ಬದಲು ಸೊನ್ನೆ ಹಾಕಿ ತಿಂಮ, ಬೊಂಮ, ಅಂಣ ಎಂದು ಬರೆಯುವುದು ಹಳಬರ ರೂಢಿ, ತಪ್ಪಲ್ಲ. ಹಾಗೆ ಬರೆಯುವುದು ಯಾವ ಪುಟಕ್ಕೆ ನಿಲ್ಲುತ್ತದೆಯೋ ಅಲ್ಲಿ ಶಾನುಭೋಗರೇ ಬದಲಾಗಿರಬಹುದು. ನೀವು ತಿದ್ದಿದರೆ ಆ ಸುಳಿವೂ ಹೋಯಿತು. ಒಂದು ಕಾಲಂನಲ್ಲಿ ಕಂಡದ್ದನ್ನು ಕಂಡಂತೆ ಟೈಪ್ ಮಾಡಿ, ಹುಡುಕುವವರ ಅನುಕೂಲಕ್ಕೆ ಈಗಿನ ರೂಪವನ್ನು ಪಕ್ಕದ ಕಾಲಂನಲ್ಲಿ ಕೊಡಿ. ‘ಬಿನ್’ ಆದ ಮೇಲೆ ಬರುವುದು ತಂದೆಯ ಹೆಸರು, ‘ಕೋಂ’ ಆದ ಮೇಲೆ ಗಂಡನದು. ಎರಡನ್ನೂ ಒಂದೇ ಕಾಲಂಗೆ ತುರುಕಿದರೆ ನಾಳೆ ವಂಶವೃಕ್ಷ ಬರೆಯುವವರು ನಿಮಗೆ ಹಿಡಿಶಾಪ ಹಾಕುತ್ತಾರೆ.

ಮಾದಯ್ಯನೋ ಮಾರಯ್ಯನೋ ತಿಳಿಯದಿದ್ದರೆ ಅದೇ ಪುಟದಲ್ಲಿ ‘ಖರಾಬು’, ‘ಕಂದಾಯ’ ಹುಡುಕಿ. ಆ ಕೈ ‘ರಾ’ವನ್ನು ಹೇಗೆ ತಿರುಗಿಸುತ್ತದೆ, ‘ದಾ’ವನ್ನು ಹೇಗೆ ಎಳೆಯುತ್ತದೆ ಎಂಬುದು ಅಲ್ಲೇ ಕಾಣುತ್ತದೆ. ಆಗಲೂ ತಿಳಿಯದಿದ್ದರೆ ‘ಮಾ?ಯ್ಯ’ ಎಂದು ಹಾಕಿ, ಎರಡೂ ಓದುಗಳನ್ನು ಷರಾ (ಟಿಪ್ಪಣಿ) ಕಾಲಂನಲ್ಲಿ ಬರೆಯಿರಿ.

ನೀವು ಕೇಳದ ಒಂದು ಮಾತು. ಎಕ್ಸೆಲ್ ಬಳಸುವುದಾದರೆ ಸರ್ವೆ ನಂಬರಿನ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ. ಇಲ್ಲವಾದರೆ 12/3 ಎಂಬ ಹಿಸ್ಸಾ (ಸರ್ವೆ ನಂಬರಿನ ಒಂದು ಭಾಗ) ತಾರೀಖಾಗಿ ಕೂರುತ್ತದೆ.

ಪ್ರಶ್ನೆ: ನಮ್ಮೂರಿನ ಜಮೀನು–ಬೆಳೆಗಳ ಲೆಕ್ಕದ ಪುಸ್ತಕವಾದ ಹಳೆಯ ಅಡಂಗಲ್‌ನಲ್ಲಿ ‘ಫಸಲಿ 1340’ ಎಂದಿದೆ. 590 ಕೂಡಿಸಿ 1930 ಎಂದು ಬರೆದರೆ ಸಾಕೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅರ್ಧ ಸರಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತಿತ್ತು. ಆದ್ದರಿಂದ 1930–31 ಎಂದು ಬರೆಯಿರಿ. ನಮೂದಿನಲ್ಲಿ ಮಾರ್ಚ್ ಎಂದಿದ್ದರೆ ಅದು 1931. ‘ಫಸಲಿ 1340’ ಎಂಬುದನ್ನು ಅಳಿಸಬೇಡಿ, ಅದಕ್ಕೂ ಒಂದು ಕಾಲಂ ಇರಲಿ.

ಬರೀ ಸಂವತ್ಸರ ಬರೆದ ಕಾಗದಗಳೂ ನಿಮಗೆ ಸಿಗುತ್ತವೆ. ಪ್ರಮೋದೂತ 1930–31ರಲ್ಲಿ ಬಂದಂತೆ 1870–71ರಲ್ಲೂ ಬಂದಿತ್ತು. ಪಕ್ಕದಲ್ಲಿ ಶಕವರ್ಷವೋ ಅಧಿಕಾರಿಯ ರುಜುವೋ ಇಲ್ಲದಿದ್ದರೆ ಇಸವಿಯ ಕಾಲಂ ಖಾಲಿ ಬಿಡುವುದೇ ವಾಸಿ.

ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಕೈಬರಹದಲ್ಲಿ ಒಂದೇ ಥರ ಕಂಡರೆ ತಾರೀಖನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಆ ಪುಟದ ಎಕರೆ–ಗುಂಟೆಗಳನ್ನು ಕೂಡಿ, ಕೆಳಗೆ ಬರೆದ ಮೊತ್ತಕ್ಕೆ ತಾಳೆ ಹಾಕಿ. 40 ಗುಂಟೆಗೆ ಒಂದು ಎಕರೆ. ಯಾವುದು ೬ ಎಂದು ಓದಿದಾಗ ಮೊತ್ತ ಸರಿಬರುತ್ತದೋ, ಅದೇ ಆ ಶಾನುಭೋಗರ ೬.