ಪೊಟ್ಯಾಸಿಯಂ ಚಾನೆಲ್ ಮುಚ್ಚಿದರೆ ಇನ್ಸುಲಿನ್ ಹೊರಗೆ ಬರುವುದೇಕೆ?

ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಬೀಟಾ ಕೋಶದ (ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶ) ಪೊಟ್ಯಾಸಿಯಂ ಚಾನೆಲ್, ಅಂದರೆ ಪೊರೆಯಲ್ಲಿ ಪೊಟ್ಯಾಸಿಯಂ ದಾಟುವ ಬಾಗಿಲು, ಮುಚ್ಚುತ್ತದೆ ಅಂತೀರಿ, ಮುಚ್ಚಿದರೆ ಕೆಲಸ ನಿಲ್ಲಬೇಕಲ್ವಾ ಅಂತ ಕೇಳಿದ್ದೀರಿ. ಇಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ.

ಆ ಚಾನೆಲ್ ತೆರೆದಿದ್ದಾಗ ಪೊಟ್ಯಾಸಿಯಂ ಸುಮ್ನೆ ಹೊರಗೆ ಸೋರುತ್ತಿರುತ್ತದೆ. ಧನ ಚಾರ್ಜ್ ಹೊರಗೆ ಹೋದಂತೆ ಕೋಶದ ಒಳಗೆ ಋಣ ಉಳಿಯುತ್ತದೆ, ಹೆಚ್ಚುಕಡಿಮೆ ಮೈನಸ್ 70 ಮಿಲಿವೋಲ್ಟ್. ಅಷ್ಟು ಕೆಳಗಿದ್ದರೆ ಕ್ಯಾಲ್ಸಿಯಂ ಚಾನೆಲ್‌ಗಳು ಬಾಯಿ ಬಿಡುವುದಿಲ್ಲ. ಅಂದರೆ ಈ ಸೋರಿಕೆಯೇ ಬ್ರೇಕ್.

ಈಗ ಗ್ಲೂಕೋಸ್ ಒಳಗೆ ಬಂದು ಉರಿದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಹೆಚ್ಚುತ್ತದೆ, ಆ ಎಟಿಪಿ ನೇರವಾಗಿ ಚಾನೆಲ್‌ಗೆ ಅಂಟಿಕೊಂಡು ಅದನ್ನು ಮುಚ್ಚುತ್ತದೆ, ಸೋರಿಕೆ ನಿಂತು ವೋಲ್ಟೇಜ್ ಮೇಲೇರುತ್ತದೆ, ಕ್ಯಾಲ್ಸಿಯಂ ಚಾನೆಲ್ ತೆರೆಯುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ, ಹಾಗಾಗಿ ನುಗ್ಗಿಬರುತ್ತದೆ. ಪೊರೆಯ ಪಕ್ಕದಲ್ಲೇ ಕಾದು ನಿಂತ ಇನ್ಸುಲಿನ್ ಚೀಲಗಳು ಆಗ ಪೊರೆಗೆ ಬೆಸೆದುಕೊಂಡು ಒಡೆಯುತ್ತವೆ.

ಗ್ಲಿಬೆನ್‌ಕ್ಲಮೈಡ್ ಎಂಬ ಮಧುಮೇಹದ ಮಾತ್ರೆ ಎಟಿಪಿಗೆ ಕಾಯದೆ ಇದೇ ಚಾನೆಲ್ ಅನ್ನು ಮುಚ್ಚುತ್ತದೆ. ಸಕ್ಕರೆ ತೀರಾ ಇಳಿಯುವ ಅಪಾಯ ಅದರಲ್ಲಿರುವುದು ಅದಕ್ಕೇ. ಡಯಾಜಾಕ್ಸೈಡ್ ಎಂಬ ಔಷಧಿ ಉಲ್ಟಾ, ಚಾನೆಲ್ ಅನ್ನು ತೆರೆದಿಡುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಕೆಲವು ಶಿಶುಗಳಲ್ಲಿ ಜೀನ್ ಬದಲಾವಣೆಯಿಂದ ಎಟಿಪಿ ಹೆಚ್ಚಿದರೂ ಈ ಚಾನೆಲ್ ಸರಿಯಾಗಿ ಮುಚ್ಚುವುದಿಲ್ಲ, ಹುಟ್ಟಿದ ಆರು ತಿಂಗಳೊಳಗೇ ಮಧುಮೇಹ ಬರುತ್ತದೆ. ಕಾರಣ 2004ರಲ್ಲಿ ಗೊತ್ತಾದ ಮೇಲೆ, ಅಂಥ ಎಷ್ಟೋ ಮಕ್ಕಳು ಇನ್ಸುಲಿನ್ ಚುಚ್ಚುಮದ್ದು ಬಿಟ್ಟು ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗೆ ಬದಲಾದರು.