ಬರಹಗಾರರಿಗೆ ಸಲಹೆ: ಸೆರೆಯಾಳು ಎಂಬ ಒಂದು ಮಾತು

ಪ್ರಿಯ ಬರಹಗಾರರೇ,

ನಿಮ್ಮ ಐತಿಹಾಸಿಕ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ನೀವು ಆರಿಸಿಕೊಂಡ ಸ್ಮಿಮ್ ಬಯಾನ್ ಅಪರೂಪದ ವ್ಯಕ್ತಿ. ಈಗಿನ ಮ್ಯಾನ್ಮಾರ್‌ನಲ್ಲಿ (ಬರ್ಮಾದಲ್ಲಿ) ಇದ್ದ ಮೊನ್ ಜನರ ಹಂಸಾವತಿ ರಾಜ್ಯದ ದಳಪತಿ. ಶತ್ರುವಾದ ಆವಾ ರಾಜ್ಯಕ್ಕೆ ಸೆರೆ ಸಿಕ್ಕ. ಆಮೇಲೆ ಅದೇ ಆವಾದ ಪರವಾಗಿ, ಅದರ ಮೇಲೆ ದಂಡೆತ್ತಿ ಬಂದ ಚೀನೀ ಪಡೆಯ ಸವಾರ ಕಾಮನಿಯ ಎದುರು ಕಾದಾಡಿ ಗೆದ್ದ.

ನಿಮ್ಮ 14 ಪುಟಗಳಲ್ಲಿ 9 ಪುಟ ಬರೀ ಆ ಕಾಳಗ. ಕತ್ತಿ, ಧೂಳು, ರಕ್ತ, ಮತ್ತೆ ಕತ್ತಿ. ಅವನು ಯಾಕೆ ಒಪ್ಪಿದ ಅನ್ನುವುದಕ್ಕೆ ಮಾತ್ರ ‘ಅಧಿಕಾರದ ಆಸೆ’ ಅಂತ ಒಂದೇ ಸಾಲು. ಇಲ್ಲಿ ನನಗೆ ಬೇಸರವಾಯಿತು. ಹಳೆಯ ಕಥನದಲ್ಲಿ ಅವನ ಲೆಕ್ಕಾಚಾರ ಬೇರೆ. ಆವಾ ಬಿದ್ದರೆ ಚೀನೀ ಪಡೆ ಮುಂದೆ ನುಗ್ಗುವುದು ಹಂಸಾವತಿಗೇ. ಶತ್ರುವಿನ ಊರನ್ನು ಅವನು ಉಳಿಸಿದ್ದು ತನ್ನ ಊರಿಗಾಗಿ. ಇಂಥವನನ್ನು ಸುಮ್ನೆ ದ್ರೋಹಿ ಅಂದುಬಿಟ್ಟರೆ ಕಥೆ ಎಲ್ಲಿ ಉಳಿಯಿತು?

ಥಾಯ್ ಜನ ಹೇಳುವ ರೂಪವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದರಲ್ಲಿ ಅವನು ಆವಾದ ದೊರೆ ಮಿಂಖೌಂಗ್‌ಗೆ ಒಂದು ಷರತ್ತು ಹಾಕುತ್ತಾನೆ: ನನ್ನನ್ನು ಎಂದೂ ಸೆರೆಯಾಳು ಅನ್ನಬಾರದು. ದೊರೆ ಒಪ್ಪಿ ಮಗಳನ್ನೂ ಕೊಡುತ್ತಾನೆ. ಒಂದು ದಿನ ಅವರ ಮಗು ಅಜ್ಜನ ಮೈಮೇಲೆ ಹತ್ತುತ್ತದೆ. ಸೆರೆಯಾಳಿನ ಮಗ ಎಷ್ಟು ಧೈರ್ಯವಂತ ಅಂತ ದೊರೆ ಹಿಗ್ಗಿನಲ್ಲೇ ಅಂದುಬಿಡುತ್ತಾನೆ. ಬಯಾನ್ ಹೆಂಡತಿ, ಮಗು ಎಲ್ಲವನ್ನೂ ಬಿಟ್ಟು ಕುದುರೆ ಏರಿ ಹಂಸಾವತಿಗೆ ಹೊರಟುಹೋಗುತ್ತಾನೆ. ಆ ಮಾತು ಸಿಟ್ಟಿನಲ್ಲಿ ಬಂದಿದ್ದಲ್ಲ, ಮುದ್ದಿನಲ್ಲಿ ಬಂದಿದ್ದು. ಅದಕ್ಕೇ ಅಷ್ಟು ನೋವು.

ಇನ್ನು ಕೆಲವು ತಿದ್ದುಪಡಿ. ‘ಹಂಥವಾಡಿ’, ‘ರಜಾದರಿತ್’ ಅಂತ ಇಂಗ್ಲಿಷ್ ಕಾಗುಣಿತ ನೋಡಿ ಬರೆದಿದ್ದೀರಿ. ಅವು ಪಾಲಿಯ ಹಂಸಾವತಿ ಮತ್ತು ಅದರ ದೊರೆ ರಾಜಾಧಿರಾಜ. ಕನ್ನಡದ ಕಿವಿಗೆ ಇವು ಎಷ್ಟು ಹತ್ತಿರ ನೋಡಿ! ‘ಬರ್ಮಾ ಸೈನ್ಯ’ ಅನ್ನಬೇಡಿ. 1385ರಿಂದ 1424ರವರೆಗೆ ನಡೆದದ್ದು ಐರಾವತಿ ನದಿಯ ಮೇಲ್ಭಾಗದ ಆವಾಕ್ಕೂ ಮುಖಜಭೂಮಿಯ ಹಂಸಾವತಿಗೂ ನಡುವಿನ ಯುದ್ಧ. ಹಾಗೆಯೇ ಅಡುಗೆಮನೆಯ ಮೆಣಸಿನಕಾಯಿ ತೆಗೆಯಿರಿ. ಆಗಿನ್ನೂ ಅದು ಏಷ್ಯಾಕ್ಕೆ ಬಂದಿರಲಿಲ್ಲ.

ಇನ್ನೊಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ಈ ಯುದ್ಧದ ಮೊನ್ ಕಥನವನ್ನು 16ನೇ ಶತಮಾನದಲ್ಲಿ ಬರ್ಮೀ ಭಾಷೆಗೆ ತಂದ ಬಿನ್ಯಾ ದಲಾ ಕೂಡ ಮೊನ್ ದಳಪತಿಯೇ. ಅವನು ದುಡಿದದ್ದು ಬರ್ಮೀ ದೊರೆ ಬಯಿನ್ನೌಂಗ್ ಕೈಕೆಳಗೆ. ಬಯಾನ್‌ನ ಇಕ್ಕಟ್ಟು ಅವನಿಗೆ ಅರ್ಥವಾಗದೇ ಇದ್ದೀತೇ?

ಮಗು ಅಜ್ಜನ ಮೈಮೇಲೆ ಹತ್ತುವಲ್ಲಿಂದ ಕಥೆ ಶುರು ಮಾಡಿ. ಕಾಳಗಕ್ಕೆ ಎರಡು ಪುಟ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ