ಹುಡುಗರಿಗೆ ರಿವರ್–ಬೋಕಾ ಫೈನಲ್ ತೋರಿಸುವುದಾದರೆ

ನಮಸ್ಕಾರ ಸರ್. ನಿಮ್ಮ ತಂಡದ ಹದಿಹರೆಯದ ಹುಡುಗರಿಗೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿಯಾದ ಕೋಪಾ ಲಿಬರ್ತಡೋರೆಸ್‌ನ 2018ರ ಫೈನಲ್ ತೋರಿಸಬೇಕೆಂದಿದ್ದೀರಿ. ರಿವರ್ ಪ್ಲೇಟ್ ಮತ್ತು ಬೋಕಾ ಜೂನಿಯರ್ಸ್ ನಡುವಿನ ಎರಡು ಲೆಗ್‌ಗಳಲ್ಲಿ (ಗೋಲುಗಳನ್ನು ಒಟ್ಟುಗೂಡಿಸಿ ನಿರ್ಧರಿಸುವ ಎರಡು ಪಂದ್ಯಗಳಲ್ಲಿ) ಮ್ಯಾಡ್ರಿಡ್‌ನ ಪಂದ್ಯವೊಂದೇ ಸಾಕೇ, ಬಸ್ಸಿನ ಮೇಲೆ ಕಲ್ಲು ತೂರಿದ ಗಲಾಟೆಯ ವಿಷಯ ಎತ್ತಬೇಕೇ ಬೇಡವೇ ಎಂದು ಕೇಳಿದ್ದೀರಿ. ಎರಡೂ ಪಂದ್ಯಗಳನ್ನು ತೋರಿಸಿ ಎಂಬುದು ನನ್ನ ಸಲಹೆ. ಮೊದಲ ಲೆಗ್‌ನಲ್ಲಿ ರಿವರ್‌ನ ಸ್ಟ್ರೈಕರ್ ಬೊರ್ರೆಗೆ ಸಿಕ್ಕ ಹಳದಿ ಕಾರ್ಡ್ ಗೊತ್ತಿಲ್ಲದೆ ಹೋದರೆ, ಎರಡನೆಯದರಲ್ಲಿ ಆ ತಂಡ ಏಕೆ ಹಾಗೆ ಆಡಿತು ಎಂಬುದು ಹುಡುಗರಿಗೆ ಅರ್ಥವಾಗುವುದಿಲ್ಲ.

ಗಲಾಟೆಯ ವಿಷಯವನ್ನು ಮುಚ್ಚಿಡುವ ಅಗತ್ಯವಿಲ್ಲ. ಐದು ನಿಮಿಷದಲ್ಲಿ ಹೇಳಿ ಮುಗಿಸಿ. ಎರಡೂ ಬ್ಯೂನಸ್ ಐರಿಸ್ ನಗರದ ಕ್ಲಬ್‌ಗಳು. ಅವುಗಳ ವೈರ ಶತಮಾನದಷ್ಟು ಹಳೆಯದಾದರೂ ಈ ಕಪ್ಪಿನ ಫೈನಲ್‌ನಲ್ಲಿ ಎದುರಾದದ್ದು ಅದೇ ಮೊದಲು. 2015ರಲ್ಲಿ ಇದೇ ಟೂರ್ನಿಯ ನಾಕೌಟ್ ಪಂದ್ಯದ ನಡುವೆ ಬೋಕಾದ ಅಂಗಳದಲ್ಲಿ ರಿವರ್ ಆಟಗಾರರ ಮೇಲೆ ಕಣ್ಣುರಿಸುವ ದ್ರಾವಣ ಎರಚಲಾಗಿತ್ತು, ಅದಕ್ಕಾಗಿ ಬೋಕಾವನ್ನು ಟೂರ್ನಿಯಿಂದ ಹೊರಹಾಕಲಾಗಿತ್ತು. 2018ರ ನವೆಂಬರ್ 24ರಂದು ರಿವರ್‌ನ ಮೊನುಮೆಂಟಲ್ ಕ್ರೀಡಾಂಗಣದ ಬಳಿ ಬೋಕಾ ತಂಡದ ಬಸ್ಸಿನ ಗಾಜು ಒಡೆದು ನಾಯಕ ಪಾಬ್ಲೊ ಪೆರೆಸ್ ಅವರ ಕಣ್ಣಿಗೆ ಗಾಯವಾದಾಗ, ಬೋಕಾ ಅದೇ ನ್ಯಾಯವನ್ನು ತನಗೂ ಕೇಳಿತು. ಅದು ಸಿಗಲಿಲ್ಲ, ಪಂದ್ಯ ಮುಂದೂಡಲ್ಪಟ್ಟು ಡಿಸೆಂಬರ್ 9ರಂದು ಸ್ಪೇನಿನ ಮ್ಯಾಡ್ರಿಡ್‌ನ ಸಾಂಟಿಯಾಗೊ ಬರ್ನಾಬ್ಯೂ ಕ್ರೀಡಾಂಗಣದಲ್ಲಿ ನಡೆಯಿತು. ಅರ್ಜೆಂಟೀನಾದಲ್ಲಿ 2013ರಿಂದಲೇ ಎದುರಾಳಿ ಅಭಿಮಾನಿಗಳಿಗೆ ಪ್ರವೇಶವಿರದಿದ್ದ ಕಾರಣ ಎರಡೂ ಕಡೆಯವರು ಒಂದೇ ಕ್ರೀಡಾಂಗಣದಲ್ಲಿ ಕುಳಿತು ನೋಡಿದ್ದು ಮ್ಯಾಡ್ರಿಡ್‌ನಲ್ಲಿ ಮಾತ್ರ ಎಂಬುದನ್ನೂ ಸೇರಿಸಿ. ಇಷ್ಟರ ಮೇಲೆ ಹೆಚ್ಚು ಬೆಳೆಸಿದರೆ ಹುಡುಗರ ತಲೆಯಲ್ಲಿ ಕಲ್ಲು ಉಳಿಯುತ್ತದೆ, ಆಟ ಉಳಿಯುವುದಿಲ್ಲ.

ಮೊದಲ ಲೆಗ್ ಮಳೆಯಿಂದಾಗಿ ಒಂದು ದಿನ ತಡವಾಗಿ, ನವೆಂಬರ್ 11ರಂದು, ಬೋಕಾದ ಬೊಂಬೊನೆರಾದಲ್ಲಿ ನಡೆದು 2–2ರಲ್ಲಿ ಮುಗಿಯಿತು. ರಿವರ್ ಅಂದು ಹಿಂದೆ ಐವರನ್ನು ನಿಲ್ಲಿಸಿ ಮುಂದೆ ಪ್ರಾಟ್ಟೊ ಮತ್ತು ಬೊರ್ರೆ ಎಂಬ ಇಬ್ಬರು ಸ್ಟ್ರೈಕರ್‌ಗಳನ್ನು ಇಟ್ಟಿತ್ತು. 34ನೇ ನಿಮಿಷದಲ್ಲಿ ಬೋಕಾದ ಆಬಿಲಾ ಗೋಲು ಹೊಡೆದ ಸಂಭ್ರಮ ಆರುವ ಮೊದಲೇ ಪ್ರಾಟ್ಟೊ ಸಮಬಲ ತಂದದ್ದನ್ನು ಎರಡು ಸಲ ಹಾಕಿ ತೋರಿಸಿ, ಗೋಲು ಹೊಡೆದ ಮರುಕ್ಷಣ ತಂಡವೊಂದು ಎಷ್ಟು ಮೈಮರೆಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಉಳಿದೆರಡು ಗೋಲುಗಳೂ ಫ್ರೀ ಕಿಕ್‌ನಿಂದ ಬಂದವು: ಬೋಕಾದ ಬೆನೆಡೆಟ್ಟೊ ತಲೆಯಿಂದ ಹೊಡೆದದ್ದು ಮತ್ತು ಬೋಕಾದ ಇಸ್ಕಿಯರ್ದೋಸ್ ತನ್ನದೇ ಬಲೆಗೆ ಸೇರಿಸಿದ ಉಡುಗೊರೆ ಗೋಲು. ಕೊನೆಗಳಿಗೆಯಲ್ಲಿ ಬೆನೆಡೆಟ್ಟೊ ಒಬ್ಬನೇ ಎದುರು ಬಂದಾಗ ರಿವರ್‌ನ ಕೀಪರ್ ಅರ್ಮಾನಿ ತಡೆದದ್ದನ್ನು ನಿಮ್ಮ ಕೀಪರ್ ಹುಡುಗನಿಗೆ ಪ್ರತ್ಯೇಕವಾಗಿ ತೋರಿಸಿ. ಫೈನಲ್‌ನಲ್ಲಿ ಎದುರಾಳಿಯ ಅಂಗಳದ ಗೋಲಿಗೆ ಹೆಚ್ಚಿನ ಬೆಲೆ ಇರಲಿಲ್ಲವಾದ್ದರಿಂದ ಲೆಕ್ಕ ಮತ್ತೆ ಸೊನ್ನೆಯಿಂದಲೇ ಆರಂಭವಾಯಿತು.

ಆ ಹಳದಿ ಕಾರ್ಡ್‌ನಿಂದಾಗಿ ಬೊರ್ರೆ ಮ್ಯಾಡ್ರಿಡ್‌ನಲ್ಲಿ ಆಡುವಂತಿರಲಿಲ್ಲ. ರಿವರ್ ಕೋಚ್ ಗಯ್ಯಾರ್ದೊ ಇನ್ನೊಬ್ಬ ಸ್ಟ್ರೈಕರ್‌ನನ್ನು ತುರುಕುವ ಬದಲು ಪ್ರಾಟ್ಟೊನನ್ನು ಒಬ್ಬನೇ ಮುಂದಿಟ್ಟು ಐವರು ಮಿಡ್‌ಫೀಲ್ಡರ್‌ಗಳನ್ನು ಆಡಿಸಿದರು (ಅವರಿಗೇ ಶಿಕ್ಷೆಯಿದ್ದ ಕಾರಣ ಅಂಚಿನಲ್ಲಿ ನಿಂತದ್ದು ಸಹಾಯಕ ಬಿಸ್ಕಾಯ್). ಮೊದಲಾರ್ಧದಲ್ಲಿ ಈ ಯೋಜನೆ ಫಲಿಸಲಿಲ್ಲ ಎಂಬುದನ್ನು ಹುಡುಗರಿಗೆ ಪ್ರಾಮಾಣಿಕವಾಗಿ ಹೇಳಬೇಕು. 44ನೇ ನಿಮಿಷದಲ್ಲಿ ನಾಂದೆಸ್ ಕೊಟ್ಟ ಒಂದೇ ನೇರ ಪಾಸ್ ರಿವರ್‌ನ ರಕ್ಷಣೆಯನ್ನು ಸೀಳಿತು, ಬೆನೆಡೆಟ್ಟೊ ತಪ್ಪಲಿಲ್ಲ.

ನಿಜವಾದ ಪಾಠ 58ನೇ ನಿಮಿಷದಲ್ಲಿದೆ. ಅಲ್ಲಿ ವಿಡಿಯೊ ನಿಲ್ಲಿಸಿ. ರಕ್ಷಣೆಗೆ ಒತ್ತು ಕೊಡುವ ನಾಯಕ ಪೊನ್ಸಿಯೊ ಹೊರಗೆ ಹೋಗಿ, ಎಡಗಾಲಿನ ಪಾಸ್‌ಗಾರ ಕಿಂಟೇರೊ ಒಳಗೆ ಬರುತ್ತಾನೆ. ನಾಲ್ಕು ನಿಮಿಷದ ನಂತರ ಬೋಕಾ ಕೋಚ್ ಬಾರೋಸ್ ಸ್ಕೆಲೊಟ್ಟೊ ಬೆನೆಡೆಟ್ಟೊನನ್ನೇ ಹೊರಗೆ ಕರೆದು ಆಬಿಲಾನನ್ನು ಕಳುಹಿಸುತ್ತಾರೆ. ಹಿಂದೆ ಬಿದ್ದ ತಂಡ ಚೆಂಡು ಇಟ್ಟುಕೊಳ್ಳಬಲ್ಲವನನ್ನು ತಂದಿತು, ಮುಂದಿದ್ದ ತಂಡ ತನ್ನನ್ನು ಮುನ್ನಡೆಸಿದವನನ್ನೇ ಕೂರಿಸಿತು. ಆರು ನಿಮಿಷದಲ್ಲಿ, ಪಲಾಸಿಯೊಸ್ ಮತ್ತು ನಾಚೊ ಫರ್ನಾಂಡೆಸ್ ಗೋಡೆಗೆ ಹೊಡೆದಂತೆ ಪಾಸ್ ಬದಲಿಸಿಕೊಂಡು ಕೊಟ್ಟ ಚೆಂಡನ್ನು ಪ್ರಾಟ್ಟೊ ಗೋಲಿಗೆ ತಳ್ಳಿದ. ಸ್ಕೆಲೊಟ್ಟೊ ಅವರ ಆ ಬದಲಾವಣೆ ತಪ್ಪೆಂದೇ ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಬಹಳ ಇದ್ದಾರೆ, ಆದ್ದರಿಂದ ನಿಮ್ಮ ತೀರ್ಪು ಹೇಳುವ ಮೊದಲು ಹುಡುಗರನ್ನೇ ಮಾತನಾಡಿಸಿ.

ಹೆಚ್ಚುವರಿ ಅವಧಿಯ ಎರಡನೇ ನಿಮಿಷದಲ್ಲೇ ಬೋಕಾದ ಬಾರಿಯೋಸ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದ. ಅವನೇ ಕಾಯುತ್ತಿದ್ದ ಜಾಗ, ಅಂದರೆ ಪೆನಾಲ್ಟಿ ಆವರಣದ ಮುಂಭಾಗ, ತೆರೆದುಕೊಂಡಿತು. 109ನೇ ನಿಮಿಷದಲ್ಲಿ ಕಿಂಟೇರೊ ಅಲ್ಲಿಂದಲೇ ಹೊಡೆದ ಚೆಂಡು ಅಡ್ಡಕಂಬದ ಕೆಳಭಾಗಕ್ಕೆ ತಾಗಿ ಒಳಗೆ ಬಿತ್ತು. ಬದಲಿ ಆಟಗಾರರ ಅವಕಾಶ ಮುಗಿದ ಮೇಲೆ ಗಾಗೊ ಗಾಯಗೊಂಡು ಬೋಕಾ ಒಂಬತ್ತು ಜನಕ್ಕಿಳಿಯಿತು. ಹಾಗಿದ್ದೂ ಹಾರಾ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. ಆ ಬೆನ್ನಲ್ಲೇ ಸಿಕ್ಕ ಕಾರ್ನರ್‌ಗೆ ಕೀಪರ್ ಆಂದ್ರಾದ ಕೂಡ ಮುಂದೆ ಹೋಗಿದ್ದರಿಂದ ರಿವರ್‌ನ ಪಿಟಿ ಮಾರ್ಟಿನೆಸ್ ಖಾಲಿ ಗೋಲಿನತ್ತ ಒಬ್ಬನೇ ಓಡಿ 3–1 ಮಾಡಿದ, ಒಟ್ಟು 5–3.

ಮೇಲೆ ಇನ್ನೊಬ್ಬ ಸದಸ್ಯರು ಯುರೋಪಿನ ಚಾಂಪಿಯನ್ಸ್ ಲೀಗ್‌ನ 2014ರ ಲಿಸ್ಬನ್ ಫೈನಲ್ ಸೂಚಿಸಿದ್ದಾರೆ. ಅದೂ ಒಂದೇ ನಗರದ, ಮ್ಯಾಡ್ರಿಡ್‌ನ, ರಿಯಲ್ ಮತ್ತು ಅಟ್ಲೆಟಿಕೊ ನಡುವಿನ ಅದ್ಭುತ ಪಂದ್ಯ, ಗಾಯದಲ್ಲಿದ್ದ ಡಿಯಾಗೊ ಕೋಸ್ಟಾನನ್ನು ಅಟ್ಲೆಟಿಕೊ ಆಡಿಸಿ ಒಂಬತ್ತನೇ ನಿಮಿಷದಲ್ಲೇ ಬದಲಿಸಬೇಕಾಗಿ ಬಂದದ್ದು ಕೋಚ್‌ಗಳಿಗೆ ದೊಡ್ಡ ಎಚ್ಚರಿಕೆ. ಆದರೆ ಹುಡುಗರು ಅದರಲ್ಲಿ 90+3ನೇ ನಿಮಿಷದಲ್ಲಿ ರಿಯಲ್‌ನ ರಾಮೋಸ್ ಹೊಡೆದ ಹೆಡರ್ ಒಂದನ್ನೇ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ನನ್ನ ಶಂಕೆ. ರಿವರ್‌ನ ಪಂದ್ಯದಲ್ಲಿ ಅವರಿಗೆ ಇನ್ನೊಂದು ಆಕರ್ಷಣೆಯಿದೆ: ಹೆಚ್ಚುವರಿ ಅವಧಿಯಲ್ಲಿ ಬದಲಿಯಾಗಿ ಬಂದ 18 ವರ್ಷದ ಹುಡುಗ ಹೂಲಿಯನ್ ಆಲ್ವರೆಸ್. ಅವನೊಡನೆ ಅರ್ಮಾನಿ, ಮೊಂಟಿಯೆಲ್, ಪಲಾಸಿಯೊಸ್ ಕೂಡ 2022ರ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿದ್ದರು.

ಎರಡು ಸಂಜೆ ಹೊಂದಿಸಿಕೊಂಡು ಮೊದಲ ದಿನ ಬೊಂಬೊನೆರಾದ ಪಂದ್ಯ, ಮರುದಿನ ಮ್ಯಾಡ್ರಿಡ್‌ನದ್ದು ಇಡಿ. ಒಂದೇ ಸಂಜೆ ಸಿಗುವುದಾದರೆ ಮೊದಲ ಲೆಗ್‌ನ ಗೋಲುಗಳನ್ನಷ್ಟೇ ತೋರಿಸಿ, ಮ್ಯಾಡ್ರಿಡ್‌ನ ಪಂದ್ಯವನ್ನು ಬೆನೆಡೆಟ್ಟೊನ ಗೋಲಿನಿಂದ ಆರಂಭಿಸಿ. ಫಲಿತಾಂಶ ಗೊತ್ತಿಲ್ಲದ ಹುಡುಗರಿದ್ದರೆ ಅವರಿಗೆ ಯಾರೂ ಮುಂಚೆಯೇ ಹೇಳದಂತೆ ನೋಡಿಕೊಳ್ಳಿ.